ಕೆಂಪು ಚುಕ್ಕೆಯ ಜನ

ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಮಣೆ. ಅದು ಅಜ್ಜಿಯದು. ಟಿ. ದಾಸರಹಳ್ಳಿಯ ಮೂರನೇ ಮಹಡಿಯ ಆ ಮನೆಗೆ ಎರಡು ಕೋಣೆ ಎಂದು ಓನರ್ ಹೇಳುತ್ತಿದ್ದರು, ನಾವೂ ಹಾಗೇ ಹೇಳುತ್ತಿದ್ದೆವು, ಆದರೆ ಎರಡನೆಯದನ್ನು ಕೋಣೆ ಅನ್ನಬೇಕಾದರೆ ದೊಡ್ಡ ಮನಸ್ಸು ಬೇಕಿತ್ತು. ಅದು ಅಡುಗೆಮನೆ. ಗ್ಯಾಸ್ ಒಲೆಯ ಮುಂದೆ ನಿಂತರೆ ಸಿಂಕು, ಡಬ್ಬಿಗಳ ಗೂಡು, ದೇವರ ಪಟ, ನೀರಿನ ಡ್ರಮ್ಮು ಎಲ್ಲವೂ ಕೈಗೆ ಸಿಗುತ್ತಿದ್ದವು. ಮುಂದಿನ ಕೋಣೆಯಲ್ಲಿ ಒಂದು ದಿವಾನ, ಟೀವಿ, ಕಿಟಕಿಯ ಪಕ್ಕ ಅಮ್ಮನ ಹೊಲಿಗೆ ಮೆಷಿನ್. ಕಿಟಕಿಯಿಂದ ನೋಡಿದರೆ ತುಮಕೂರು ರಸ್ತೆಯ ಮೇಲೆ ಮೆಟ್ರೋ ಹೋಗುವುದು ಕಾಣುತ್ತಿತ್ತು. ಊಟದ ಹೊತ್ತಿಗೆ ಎಲ್ಲರಿಗೂ ಅವರವರ ಜಾಗ ಗೊತ್ತಿತ್ತು. ಅಪ್ಪ ದಿವಾನದ ಮೇಲೆ, ನಾನು ಟೀವಿಯ ಮುಂದೆ ನೆಲದ ಮೇಲೆ, ಮಂಡಿನೋವಿನ ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ತನ್ನ ಮಣೆಯ ಮೇಲೆ. ಅಮ್ಮ ಒಲೆಯ ಪಕ್ಕ ನಿಂತು, ತಟ್ಟೆಯನ್ನು ಅಡುಗೆಕಟ್ಟೆಯ ಕಲ್ಲಿನ ಮೇಲಿಟ್ಟುಕೊಂಡು, ಒಂದು ಕೈಯಲ್ಲಿ ತಿನ್ನುತ್ತ ಇನ್ನೊಂದು ಕೈಯಲ್ಲಿ ನಮಗೆ ಬಡಿಸುತ್ತಿದ್ದಳು. ಅವಳು ಕೂತು ಉಂಡದ್ದನ್ನು ನಾನು ಮದುವೆಮನೆಗಳಲ್ಲಿ ಮಾತ್ರ ನೋಡಿದ್ದೇನೆ.

ಇದರ ಬಗ್ಗೆ ಜಗಳ ಆಗಿದ್ದು ಒಮ್ಮೆ ಮಾತ್ರ. ಅಪ್ಪನಿಗೆ ಆವತ್ತು ಪೀಣ್ಯದ ಯೂನಿಟ್ಟಿನಲ್ಲಿ ಏನೋ ಕಿರಿಕಿರಿಯಾಗಿತ್ತು. ಅವನು ಪ್ಲಾಸ್ಟಿಕ್ ಮೋಲ್ಡಿಂಗ್ ಮೆಷಿನ್ ಆಪರೇಟರ್. ಡಬ್ಬಿಯ ಮುಚ್ಚಳ, ಸ್ವಿಚ್ಚಿನ ಹೊರಮೈ, ಬಾಚಣಿಗೆ, ಯಾರು ಏನು ಆರ್ಡರ್ ಕೊಟ್ಟರೆ ಅದು. ಬಿಸಿ ಯಂತ್ರದ ಮುಂದೆ ಇಡೀ ದಿನ ನಿಂತು ಬಂದವನು, ಇನ್ನೊಬ್ಬರು ನಿಂತಿರುವುದನ್ನು ನೋಡಲಾರದೆ ಅಂದನೋ ಏನೋ.

“ರತ್ನ, ಕೂತ್ಕೊಂಡು ತಿನ್ನೇ. ನೋಡೋರಿಗೆ ನಾವೇ ನಿಲ್ಸಿದೀವಿ ಅನ್ಸುತ್ತೆ.”

“ನಾನೇನ್ ನಿಂತ್ಕ ಅಂದ್ನಾ?” ಎಂದು ಅಜ್ಜಿ ಬಾಗಿಲಿನಿಂದ ಅಂದಳು. “ಯಾರೂ ಅಂದಿಲ್ಲ. ಅವ್ಳಿಗೇ ಕೂತ್ಕಳ್ಳಾಕೆ ಮನ್ಸಿಲ್ಲ.”

“ಕೂತ್ರೆ ಮತ್ತೆ ಏಳಬೇಕಲ್ಲ, ಬಿಡಿ,” ಅಂದಳು ಅಮ್ಮ, ಅಜ್ಜಿಯ ತಟ್ಟೆಗೆ ಸಾರು ಹಾಕುತ್ತ.

ಅಷ್ಟೇ. ನಮ್ಮ ಮನೆಯಲ್ಲಿ ಜಗಳಗಳು ಇಷ್ಟೇ ಉದ್ದ ಇರುತ್ತಿದ್ದವು. ಅಜ್ಜಿ ಕೆಟ್ಟವಳಲ್ಲ. ತುಮಕೂರಿನ ಕಡೆಯ ಹಳ್ಳಿಯಿಂದ ಬಂದವಳು, ತಾನೂ ಸೊಸೆಯಾಗಿದ್ದಾಗ ನಿಂತೇ ಉಂಡವಳು. ಕೂತ್ಕೋ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ, ಹಾಗಾಗಿ ಆ ಮಾತು ಅವಳ ಬಾಯಲ್ಲಿ ಇರಲೇ ಇಲ್ಲ. ಇವತ್ತಿಗೂ ನಾನು ಯಾರ ಮನೆಗೆ ಹೋದರೂ ಅಡುಗೆಮನೆಯಲ್ಲಿ ಕುರ್ಚಿಯೋ ಸ್ಟೂಲೋ ಇದೆಯಾ ಎಂದು ಮೊದಲು ನೋಡುತ್ತೇನೆ. ಇಲ್ಲದಿದ್ದರೆ ಆ ಮನೆಯವರ ಮೇಲೆ ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ.

ನನ್ನ ನಾಲ್ಕನೇ ಕ್ಲಾಸಿನ ಪರೀಕ್ಷೆಯ ಹೊತ್ತಿಗೆ ಅಮ್ಮನಿಗೆ ಜ್ವರ ಬಂತು. ಆಸ್ಪತ್ರೆಗೆ ಹೋದಳು. ಬರಲಿಲ್ಲ. ಇದನ್ನು ಇದಕ್ಕಿಂತ ಉದ್ದವಾಗಿ ಹೇಳಲು ನನಗೆ ಆಗಲೂ ಆಗಲಿಲ್ಲ, ಈಗಲೂ ಆಗುವುದಿಲ್ಲ. ನಾನು ಅಳಲಿಲ್ಲ. ಬೇಕೆಂದು ತಡೆದುಕೊಂಡದ್ದಲ್ಲ, ಅಳು ಬರಲೇ ಇಲ್ಲ. ಬಹಳ ಹೊತ್ತು ಕಾಲು ಮಡಚಿ ಕೂತರೆ ಜೋಮು ಹಿಡಿದು, ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಒಳಗೆಲ್ಲ ಹಾಗಾಗಿತ್ತು. ಕೆಳಗಿನ ಮನೆಯ ಹೆಂಗಸರು ಗಾಬರಿಯಾದರು. ಮಗು ಇನ್ನೂ ಅತ್ತಿಲ್ಲ, ಹೀಗೇ ಬಿಟ್ಟರೆ ಒಳಗೇ ಕೂತುಬಿಡುತ್ತದೆ, ಹೇಗಾದರೂ ಮಾಡಿ ಅಳಿಸಿ ಎಂದು ಅಮ್ಮನ ಹಸಿರು ಸೀರೆಯನ್ನು ತಂದು ನನ್ನ ಮಡಿಲಲ್ಲಿ ಹಾಕಿದರು. ನಾನು ಅದನ್ನು ಮಡಚಿ ಬೀರುವಿನಲ್ಲಿಟ್ಟೆ. ಅಪ್ಪನೂ ಹಾಗೇ. ಕೆಲಸಕ್ಕೆ ಹೋಗುತ್ತಿದ್ದ, ಬರುತ್ತಿದ್ದ, ಟೀವಿ ಹಾಕುತ್ತಿದ್ದ, ಯಾವ ಚಾನೆಲ್ ಎಂದು ಕೇಳಿದರೆ ಗೊತ್ತಿರುತ್ತಿರಲಿಲ್ಲ. ಅಜ್ಜಿ ಮಂಡಿ ಹಿಡಿದುಕೊಂಡು ಅಡುಗೆ ಮಾಡುತ್ತಿದ್ದಳು. ಹೊಲಿಗೆ ಮೆಷಿನ್ನಿನ ಮುಚ್ಚಳ ತೆಗೆಯುವವರು ಇರಲಿಲ್ಲ.

ಯಾವಾಗ ಶುರುವಾಯಿತೋ ಗೊತ್ತಿಲ್ಲ, ಊಟದ ಹೊತ್ತಿಗೆ ನಾನು ಒಲೆಯ ಪಕ್ಕ ನಿಂತುಕೊಳ್ಳತೊಡಗಿದೆ. ತಟ್ಟೆ ಕಲ್ಲಿನ ಮೇಲೆ. ಅಪ್ಪನಿಗೆ ಅನ್ನ, ಅಜ್ಜಿಗೆ ಸಾರು. ಕಲ್ಲು ನನ್ನ ಎದೆಯ ಎತ್ತರಕ್ಕಿತ್ತು. ಅಜ್ಜಿ ಒಮ್ಮೆ ತಲೆಯೆತ್ತಿ ನೋಡಿದಳು, ಮತ್ತೆ ತಟ್ಟೆಯ ಕಡೆ ಮುಖ ಮಾಡಿದಳು. ಅದಾಗಿ ಸ್ವಲ್ಪ ದಿನಕ್ಕೆ ಅವಳೇ ಅಪ್ಪನಿಗೆ ಹೇಳಿದ್ದು, ನಾನು ಕೇಳುವಂತೆಯೇ.

“ಮಂಜ, ಇವ್ಳನ್ನ ತಿಪಟೂರಿಗೆ ಕಳ್ಸು. ಸರೋಜನ ಮನೇಲಿ ಎಲ್ಡು ಹೆಣ್ಮಕ್ಳವ್ರೆ, ಅವ್ರ ಜೊತೆ ಬೆಳೀಲಿ. ನನ್ ಕೈಲಾಗಕ್ಕಿಲ್ಲ. ದಿನಾ ನೋಡಕ್ಕಾಗಕ್ಕಿಲ್ಲ.”

ಅಪ್ಪ ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ನಮ್ಮ ಮನೆಯಲ್ಲಿ ಅದು ಒಪ್ಪಿಗೆ. ಅಪ್ಪನ ಅಕ್ಕ ಸರೋಜತ್ತೆ ದಸರಾ ರಜೆ ಮುಗಿಯುವಾಗ, ವಿಜಯದಶಮಿಯ ದಿನ ಬಂದು ಕರೆದುಕೊಂಡು ಹೋಗುವುದೆಂದು ಫೋನಿನಲ್ಲೇ ತೀರ್ಮಾನವಾಯಿತು. ಅಜ್ಜಿಗೆ ನನ್ನನ್ನು ಕಂಡರೆ ಆಗುವುದಿಲ್ಲ ಎಂದುಕೊಂಡೆ. ನಾನು ಅಲ್ಲಿ ನಿಂತಿರುವುದನ್ನು ಕಂಡರೆ ಆಗುವುದಿಲ್ಲ ಎಂಬುದು ಆಗ ತಿಳಿಯಲಿಲ್ಲ. ಹೋಗಲು ಇಷ್ಟವಿರಲಿಲ್ಲ. ಆ ಜೋಮಿನೊಳಗೂ ಅದೊಂದು ಮಾತ್ರ ಗೊತ್ತಾಗುತ್ತಿತ್ತು. ಈ ಮನೆ ಬಿಟ್ಟರೆ ಅಮ್ಮ ನಿಲ್ಲುತ್ತಿದ್ದ ಜಾಗ ಖಾಲಿಯಾಗಿಬಿಡುತ್ತದೆ ಎಂದು ಹೆದರಿಕೆ. ಯಾರಿಗೂ ಹೇಳಲಿಲ್ಲ.

ಆ ದಿನಗಳಲ್ಲೇ ಅಪ್ಪನ ಯೂನಿಟ್ಟಿಗೆ ಒಂದು ಹೊಸ ಆರ್ಡರ್ ಬಂದಿತ್ತು. ಹುಡುಗ ಹುಡುಗಿ ಇಬ್ಬರು ಸೇರಿ ಶುರುಮಾಡಿದ ಸಣ್ಣ ಕಂಪನಿಯದು. ಒಂದರ ಮೇಲೊಂದು ಕೂರುವ ಬಿಳಿ ಪ್ಲಾಸ್ಟಿಕ್ ಇಟ್ಟಿಗೆಗಳು, ಅವುಗಳ ಜೊತೆಗೆ ಟ್ಯಾಬ್ಲೆಟ್ಟಿನಲ್ಲಿ ಆಡುವ ಒಂದು ಗೇಮು. ಮಾರುಕಟ್ಟೆಗೆ ಬಿಡುವ ಮೊದಲು ಮಕ್ಕಳ ಕೈಗೆ ಕೊಟ್ಟು ನೋಡಬೇಕಿತ್ತಂತೆ. ಯೂನಿಟ್ಟಿನ ಓನರ್ರು, ಇವನಿಗೊಬ್ಬಳು ಮಗಳಿದ್ದಾಳೆ ಎಂದು ಅಪ್ಪನನ್ನು ತೋರಿಸಿದ್ದರು. ಒಂದು ಶನಿವಾರ ಮಧ್ಯಾಹ್ನ ಆ ಹುಡುಗಿ ಡಬ್ಬಿ, ಟ್ಯಾಬ್ಲೆಟ್ಟು ಹಿಡಿದುಕೊಂಡು ಅಪ್ಪನ ಜೊತೆ ನಮ್ಮ ಮೂರು ಮಹಡಿ ಹತ್ತಿ ಬಂದಳು. ಕೂರಲು ಜಾಗ ಹುಡುಕಿ, ಸಿಗದೆ, ನೆಲದ ಮೇಲೆಯೇ ಕೂತಳು.

“ಇದು ತುಂಬಾ ಸಿಂಪಲ್ ಪುಟ್ಟಿ. ನೀನು ಇಲ್ಲಿ ಬ್ರಿಕ್ಸ್ ಇಟ್ಟು ಮನೆ ಕಟ್ಟು. ಕ್ಯಾಮೆರಾ ನೋಡುತ್ತೆ. ಅದೇ ಮನೆ ಸ್ಕ್ರೀನ್ ಮೇಲೆ ಬರುತ್ತೆ. ಈ ಕೆಂಪು ಚುಕ್ಕೆ ಇರೋ ಬ್ರಿಕ್ ಇದೆಯಲ್ಲ, ಇದನ್ನ ಎಲ್ಲಿಡ್ತೀಯೋ ಅಲ್ಲಿ ಒಬ್ರು ಮನುಷ್ಯ ಬರ್ತಾರೆ. ಓಡಾಡ್ತಾರೆ, ಕೂರ್ತಾರೆ, ಎಲ್ಲಾ ಮಾಡ್ತಾರೆ.”

“ಮಾತಾಡ್ತಾರಾ?” ಅಂದೆ.

“ಇನ್ನೂ ಇಲ್ಲ. ನೆಕ್ಸ್ಟ್ ವರ್ಷನ್‌ನಲ್ಲಿ.”

ನಮ್ಮ ಮನೆಯವರ ಹಾಗೇ ಇದ್ದಾರೆ ಎಂದುಕೊಂಡೆ. ಕೆಂಪು ಚುಕ್ಕೆಯ ಇಟ್ಟಿಗೆಗಳು ಮೂರಿದ್ದವು. ಅವಳು ಹೋದ ಮೇಲೆ ಅಪ್ಪ ಅವನ್ನೆಲ್ಲ ಹೊಲಿಗೆ ಮೆಷಿನ್ನಿನ ಮುಚ್ಚಳದ ಮೇಲೆ ಸುರಿದ. ಮನೆಯಲ್ಲಿ ಸಮತಟ್ಟಾದ ಬೇರೆ ಜಾಗ ಇರಲಿಲ್ಲ. ಆಡಬೇಕಾದವಳು ನಾನು, ಆದರೆ ಕಟ್ಟಿದ್ದು ಅವನು. ಯಾವ ಅರಮನೆಯನ್ನೂ ಕಟ್ಟಲಿಲ್ಲ, ನಮ್ಮ ಮನೆಯನ್ನೇ ಕಟ್ಟಿದ. ಸಂಜೆ ಕೆಲಸದಿಂದ ಬಂದವನು ಕೈಕಾಲು ತೊಳೆದು, ಟೀವಿ ಹಾಕದೆ, ಮೆಷಿನ್ನಿನ ಮುಂದೆ ಕೂರುತ್ತಿದ್ದ. ಮುಂದಿನ ಕೋಣೆ, ಕಿಟಕಿ, ಬಚ್ಚಲು, ಅಡುಗೆಮನೆ. ಒಲೆಗೆಂದು ಒಂದು ಇಟ್ಟಿಗೆ. ಎರಡು ಇಟ್ಟಿಗೆ ಪಕ್ಕಪಕ್ಕ ಇಟ್ಟು ದಿವಾನ ಮಾಡಿದ. ಅವನು ಕೈ ಚಾಚಿದಾಗ ನಾನು ಇಟ್ಟಿಗೆ ಎತ್ತಿ ಕೊಡುತ್ತಿದ್ದೆ. ತಾನೇ ಮೋಲ್ಡಿನಿಂದ ತೆಗೆದ ಇಟ್ಟಿಗೆಗಳ ಅಂಚನ್ನು ಅವನು ಉಗುರಿನಿಂದ ಸವರಿ ನೋಡುತ್ತಿದ್ದ. ಮಾತು ಮಾತ್ರ ಇರಲಿಲ್ಲ, ಆದರೂ ಅಮ್ಮ ಹೋದ ಮೇಲೆ ನಾವಿಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಅದು, ನನಗೆ ಅದು ಬೇಕಾಗಿತ್ತು.

ಗೋಡೆಗಳು ಎದ್ದ ಮೇಲೆ ಒಂದು ಸಂಜೆ ಅಪ್ಪ ಕೆಂಪು ಚುಕ್ಕೆಯ ಇಟ್ಟಿಗೆಯೊಂದನ್ನು ಮುಂದಿನ ಕೋಣೆಯಲ್ಲಿಟ್ಟ. ಟ್ಯಾಬ್ಲೆಟ್ಟು ಟಿಣ್ ಅಂದಿತು. ತೆರೆಯ ಮೇಲೆ ಗುಂಡು ತಲೆಯ ಒಬ್ಬ ಮನುಷ್ಯ ಬಂದು, ಅತ್ತಿತ್ತ ನೋಡಿ, ದಿವಾನದ ಮೇಲೆ ಕೂತ. ಕೂರಲು ಏನಾದರೂ ಇದ್ದರೆ ಅವರು ಕೂರುತ್ತಿದ್ದರು, ಇಲ್ಲದಿದ್ದರೆ ನಿಂತೇ ಇರುತ್ತಿದ್ದರು. ಎರಡನೆಯದನ್ನು ಅಡುಗೆಮನೆಯ ಬಾಗಿಲ ಹತ್ತಿರ, ಮಣೆಗೆಂದು ಇಟ್ಟ ಇಟ್ಟಿಗೆಗಳ ಪಕ್ಕ ಇಟ್ಟ. ಮತ್ತೆ ಟಿಣ್.

“ಇದ್ಯಾರು?” ಎಂದು ಅಪ್ಪನನ್ನು ಕೇಳಿದೆ.

“ನಾನು.”

“ಅದು?”

“ಅಜ್ಜಿ.”

ಮೂರನೆಯ ಇಟ್ಟಿಗೆ ಅವನ ಬೆರಳುಗಳ ನಡುವೆ ಇತ್ತು. ಸ್ವಲ್ಪ ಹೊತ್ತು ತಿರುಗಿಸಿ ನೋಡಿದ, ಆಮೇಲೆ ಅಂಗಿಯ ಜೇಬಿಗೆ ಹಾಕಿಕೊಂಡ.

“ಅದು?”

“ಆಮೇಲೆ ಇಡೋಣ.”

ತಿಪಟೂರಿಗೆ ಹೋಗುವುದು ಖಚಿತ ಎಂದು ನನಗೆ ನಿಜವಾಗಿ ಗೊತ್ತಾದದ್ದು ಆಗ. ಬಾಯಲ್ಲಿ ಹೇಳಲಾರದ್ದನ್ನು ಅವನು ಅಲ್ಲಿ ಕಟ್ಟಿ ನೋಡುತ್ತಿದ್ದ. ನಾನಿಲ್ಲದ ಮನೆ ಹೇಗಿರುತ್ತದೆ ಎಂದು ಅಭ್ಯಾಸ ಮಾಡಿಕೊಳ್ಳುತ್ತಿದ್ದ. ಮುಂದಿನ ಸಂಜೆಗಳಲ್ಲೂ ಅಷ್ಟೇ, ಆ ಇಬ್ಬರು ತೆರೆಯ ಮೇಲೆ ಕೂತಿರುತ್ತಿದ್ದರು, ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಅಪ್ಪ ಆ ಇಬ್ಬರನ್ನು ನೋಡುತ್ತಿದ್ದ, ನಾನು ಅಪ್ಪನ ಜೇಬನ್ನು ನೋಡುತ್ತಿದ್ದೆ. ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನನ್ನ ಬಟ್ಟೆಗಳನ್ನು ನಾನೇ ಬ್ಯಾಗಿಗೆ ತುಂಬಿದೆ.

ಆಯುಧಪೂಜೆ ಬಂತು. ಪೀಣ್ಯದಲ್ಲಿ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ. ಅಪ್ಪನ ಯೂನಿಟ್ಟಿನಲ್ಲಿ ಮೆಷಿನ್ನುಗಳನ್ನು ತೊಳೆದು, ಬಾಳೆಕಂದು ಕಟ್ಟಿ, ಬಾಗಿಲಲ್ಲಿ ಬೂದುಗುಂಬಳ ಒಡೆದು, ಎಲ್ಲರಿಗೂ ಕಡಲೆಪುರಿ, ಸ್ವೀಟ್ ಬಾಕ್ಸ್ ಕೊಟ್ಟು ಕಳಿಸಿದ್ದರು. ಮನೆಯ ಪೂಜೆ ಅಜ್ಜಿಯದು. ಅನ್ನ ಕೊಡುವ ಯಾವ ವಸ್ತುವನ್ನೂ ಅವಳು ಬಿಡುತ್ತಿರಲಿಲ್ಲ. ಅಪ್ಪನ ಸ್ಪ್ಯಾನರು, ಸ್ಕೂಟರು, ಗ್ಯಾಸ್ ಒಲೆ, ಈಳಿಗೆಮಣೆ, ಮಿಕ್ಸಿ, ನನ್ನ ಜಾಮಿಟ್ರಿ ಬಾಕ್ಸು, ಎಲ್ಲಕ್ಕೂ ಅರಿಶಿನ ಕುಂಕುಮ. ಕುಂಕುಮವನ್ನು ಒಂದು ಬಟ್ಟಲಲ್ಲಿ ನೀರು ಹಾಕಿ ಕಲಸಿಕೊಂಡು, ಉಂಗುರದ ಬೆರಳಿನಿಂದ ದುಂಡಗೆ ಬೊಟ್ಟು ಇಡುತ್ತಿದ್ದಳು. ಕೊನೆಗೆ ಹೊಲಿಗೆ ಮೆಷಿನ್ನಿನ ಮುಂದೆ ಬಂದು ನಿಂತಳು. ಪ್ರತಿವರ್ಷ ಅದಕ್ಕೆ ಅಮ್ಮನೇ ಪೂಜೆ ಮಾಡುತ್ತಿದ್ದಳು. ಅಜ್ಜಿ ಸೆರಗಿನಿಂದ ಅದರ ಚಕ್ರ ಒರೆಸಿ ಬೊಟ್ಟಿಟ್ಟಳು, ಕಾಲಿನ ಪೆಡಲ್ಲಿಗೂ ಇಟ್ಟಳು. ಮುಚ್ಚಳದ ಮೇಲೆ ನಮ್ಮ ಇಟ್ಟಿಗೆಯ ಮನೆ ನಿಂತಿತ್ತು.

“ಇದೂವೆ ಮಂಜ ಫ್ಯಾಕ್ಟ್ರೀಲಿ ಮಾಡಿದ್ದು ತಾನೆ?” ಎಂದು ನನ್ನನ್ನು ಕೇಳಿದಳು. ಹೌದು ಅಂದೆ. ಗೋಡೆಗೆ, ಕಿಟಕಿಗೆ, ಬಚ್ಚಲಿಗೆ, ಕೈಗೆ ಸಿಕ್ಕ ಒಂದೊಂದು ಇಟ್ಟಿಗೆಗೂ ಬೊಟ್ಟಿಟ್ಟಳು. ಟ್ಯಾಬ್ಲೆಟ್ಟಿನ ಬೆನ್ನಿಗೂ ಒಂದು ಇಟ್ಟು, ದೇವರ ಮುಂದೆ ಇರಿಸಿದಳು. ಪೂಜೆಗಿಟ್ಟದ್ದನ್ನು ಆವತ್ತು ಮುಟ್ಟುವಂತಿಲ್ಲ.

ಮಾರನೆಯ ದಿನ ವಿಜಯದಶಮಿ. ಬೆಳಿಗ್ಗೆ ಅಜ್ಜಿ ಮಂಗಳಾರತಿ ಮಾಡಿ ಎಲ್ಲವನ್ನೂ ಬಿಡಿಸಿಕೊಟ್ಟಳು. ನನ್ನ ಬ್ಯಾಗು ಬಾಗಿಲ ಪಕ್ಕ ಇತ್ತು. ಅಪ್ಪ ಏನು ಮಾಡಬೇಕೆಂದು ತೋಚದವನಂತೆ ಟ್ಯಾಬ್ಲೆಟ್ಟು ಎತ್ತಿಕೊಂಡು ಮನೆಯ ಮುಂದೆ ನಿಲ್ಲಿಸಿದ. ಟಿಣ್ ಅಂದಿತು. ಮತ್ತೆ ಟಿಣ್. ಆಮೇಲೆ ಬಿಡುವೇ ಇಲ್ಲದೆ ಟಿಣ್ ಟಿಣ್ ಟಿಣ್. ತೆರೆಯ ಮೇಲೆ ಜನವೋ ಜನ. ಗೋಡೆಗಳ ಮೇಲೆ ಸಾಲಾಗಿ ನಿಂತಿದ್ದರು, ಬಚ್ಚಲಲ್ಲಿ ತುಂಬಿಕೊಂಡಿದ್ದರು, ದಿವಾನದ ಮೇಲೆ ಒಬ್ಬರ ಮೇಲೊಬ್ಬರು ಕೂತಿದ್ದರು, ಜಾಗವಿಲ್ಲದವರು ಕಿಟಕಿಯಿಂದ ತಲೆ ಹೊರಗೆ ಹಾಕಿದ್ದರು. ಪಾಪ, ಕ್ಯಾಮೆರಾ ಅಜ್ಜಿಯ ಒಂದೊಂದು ಬೊಟ್ಟನ್ನೂ ಒಬ್ಬೊಬ್ಬ ಮನುಷ್ಯ ಎಂದುಕೊಂಡಿತ್ತು. ಅಪ್ಪನ ಗಂಟಲಿನಿಂದ ಏನೋ ಸದ್ದು ಬಂತು. ಕೆಮ್ಮು ಎಂದುಕೊಂಡೆ. ಅವನು ನಗುತ್ತಿದ್ದ.

ಸದ್ದಿಗೆ ಅಜ್ಜಿ ಅಡುಗೆಮನೆಯಿಂದ ಬಂದಳು.

“ಏನ್ಲಾ ಅದು? ಇಷ್ಟೊಂದ್ ಜನ ಎಲ್ಲಿಂದ ಬಂದ್ರು?”

“ನೀನೇ ಕರೆದಿದ್ದು ಕಣಮ್ಮ. ಕುಂಕುಮ ಇಟ್ಟು ಕರೆದ್ರೆ ಬರದೆ ಇರ್ತಾರಾ?”

ಅಜ್ಜಿಗೆ ನಗು ಬರಲಿಲ್ಲ. ಕಣ್ಣು ಕಿರಿದು ಮಾಡಿ ತೆರೆಯ ಹತ್ತಿರ ಬಗ್ಗಿದಳು. ಒಬ್ಬೊಬ್ಬರನ್ನೇ ನೋಡುತ್ತ ಹೋದವಳು ತೆರೆಯಲ್ಲಿನ ಅಡುಗೆಮನೆಯ ಹತ್ತಿರ ಬಂದು ಕಣ್ಣು ನಿಲ್ಲಿಸಿದಳು. ಅಲ್ಲಿ ಒಬ್ಬರೇ ಇದ್ದರು. ಒಲೆಯೆಂದು ಇಟ್ಟ ಇಟ್ಟಿಗೆಗೂ ಬೊಟ್ಟು ಬಿದ್ದಿತ್ತಲ್ಲ, ಅದರ ಪಕ್ಕ, ನಮ್ಮ ಕಡೆ ಬೆನ್ನು ಹಾಕಿ.

“ಒಲೆ ತಾವ ಯಾರು ಅದು?”

ಅಪ್ಪನ ನಗು ನಿಂತಿತ್ತು.

“ಅಮ್ಮ,” ಅಂದೆ. ಯೋಚಿಸಿ ಹೇಳಿದ್ದಲ್ಲ. ಅಲ್ಲಿ ನಿಲ್ಲುವವರು ಬೇರೆ ಯಾರು?

ಅಜ್ಜಿ ದಿವಾನದ ಅಂಚು ಹಿಡಿದುಕೊಂಡಳು. ಕೆಳಗೆ ಬೀದಿಯಲ್ಲಿ ಯಾವುದೋ ಗಾಡಿಯವನು ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ, ಮಕ್ಕಳು ಕೂಗಿದರು.

“ಅಲ್ಲೂ ನಿಂತೇ ಅವ್ಳಾ,” ಅಂದಳು ಅಜ್ಜಿ. “ಕೂತ್ಕಳ್ಳಾಕೆ ಯೋಳ್ಲಾ ಮಂಜ.”

“ಹೇಳಿದ್ರೆ ಕೂರಲ್ಲಮ್ಮ ಇವ್ರು. ಕೂರೋಕೆ ಏನಾದ್ರೂ ಇರಬೇಕು.”

“ಇಲ್ವಾ ಅಲ್ಲಿ?”

“ಇಲ್ಲ. ಅಡುಗೆಮನೇಲಿ ನಾವು ಏನೂ ಇಟ್ಟಿಲ್ಲ.”

ಅಜ್ಜಿ ನನ್ನನ್ನು ನೋಡಿದಳು. ಅಪ್ಪ ಮುಂದಿನ ಗೋಡೆಯಿಂದ ಎರಡು ಇಟ್ಟಿಗೆ ಕಿತ್ತು, ಅವುಗಳ ಕುಂಕುಮವನ್ನು ಬನಿಯನ್ನಿಗೆ ಒರೆಸಿದ. ಪೂಜೆಯ ಕುಂಕುಮ ಹಾಗೆ ಒರೆಸಬಾರದು ಎಂದು ಅಜ್ಜಿ ಬೇರೆ ದಿನವಾಗಿದ್ದರೆ ಕೂಗಾಡುತ್ತಿದ್ದಳು. ಇಟ್ಟಿಗೆಗಳನ್ನು ಅವನು ಒಲೆಯ ಪಕ್ಕ ಒಂದಕ್ಕೊಂದು ಸೇರಿಸಿ ಇಟ್ಟ. ಒಂದು ಓರೆಯಾಯಿತು. ನಾನು ಸರಿಮಾಡಿದೆ. ತೆರೆಯ ಮೇಲೆ ಆ ಮನುಷ್ಯಾಕೃತಿ ಒಂದು ಕ್ಷಣ ಹಾಗೇ ಇತ್ತು, ಆಮೇಲೆ ತಿರುಗಿ ಎರಡು ಹೆಜ್ಜೆ ಇಟ್ಟು ಕೂತಿತು. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿತು. ಅದಕ್ಕೆ ಅಮ್ಮನ ಮುಖವಿರಲಿಲ್ಲ, ಸೀರೆಯಿರಲಿಲ್ಲ, ಅದು ಗೇಮು ಎಂದು ಮೂವರಿಗೂ ಗೊತ್ತಿತ್ತು. ಆದರೂ ಯಾರೂ ಅಲ್ಲಿಂದ ಕದಲಲಿಲ್ಲ.

ಹನ್ನೊಂದರ ಹೊತ್ತಿಗೆ ಸರೋಜತ್ತೆ ಬಂದಳು. ಒಂದು ಕೈಯಲ್ಲಿ ತೆಂಗಿನಕಾಯಿಯ ಚೀಲ, ಇನ್ನೊಂದರಲ್ಲಿ ನನಗೆಂದು ಹೊಸ ಫ್ರಾಕು. ಒಳ್ಳೆಯ ಹೆಂಗಸು, ಅವಳ ಮನೆಗೆ ಹೋಗಿದ್ದರೂ ನಾನು ಕೆಡುತ್ತಿರಲಿಲ್ಲ.

“ಪುಟ್ಟಿ, ಬ್ಯಾಗ್ ರೆಡಿನಾ? ಊಟ ಮಾಡಿ ಎರಡು ಗಂಟೆ ಬಸ್ಸಿಗೆ ಹೊರಟ್ಬಿಡೋಣ.”

ಗೂಟದಲ್ಲಿ ನೇತುಹಾಕಿದ್ದ ಅಂಗಿಯ ಜೇಬಿಗೆ ಅಪ್ಪ ಕೈ ಹಾಕಿದ. ಮೂರನೆಯ ಇಟ್ಟಿಗೆ ತೆಗೆದು ಮೆಷಿನ್ನಿನ ಹತ್ತಿರ ಹೋಗಿ, ದಿವಾನದ ಪಕ್ಕ ಇಟ್ಟ. ಆ ಜನಜಂಗುಳಿಯಲ್ಲಿ ಇನ್ನೊಬ್ಬರು ಬಂದದ್ದು ಕಾಣಲಿಲ್ಲ, ಟಿಣ್ ಅಂದದ್ದು ಕೇಳಿಸಿತು.

“ಅಕ್ಕ, ಅವಳು ಬರಲ್ಲ. ಇಲ್ಲೇ ಇರ್ತಾಳೆ.”

“ಏನೋ ಇದು, ಇಷ್ಟು ದೂರ ಬಂದ್ಮೇಲೆ? ಅಮ್ಮನೇ ತಾನೇ ಫೋನ್ ಮಾಡಿ ಕಳಿಸ್ತೀನಿ ಅಂದಿದ್ದು?”

“ನಾನೇ ಅಂದಿದ್ದು,” ಅಂದಳು ಅಜ್ಜಿ. “ಈಗ ಬ್ಯಾಡ ಅಂತೀನಿ. ಕಾಯಿ ಅಲ್ಲಿಡು, ಕೈಕಾಲು ತೊಳ್ಕೊ.”

ಅತ್ತೆ ಮುಖ ಊದಿಸಿಕೊಂಡು ಒಬ್ಬಟ್ಟು ತಿಂದು, ನಿಮ್ಮ ಮನೆಯ ವ್ಯವಹಾರವೇ ನನಗೆ ತಿಳಿಯುವುದಿಲ್ಲ ಎಂದು ಎರಡು ಗಂಟೆಯ ಬಸ್ಸಿಗೆ ಹೊರಟಳು. ಅಪ್ಪ ಸ್ಟಾಪಿನವರೆಗೆ ಹೋಗಿ ಬಂದ. ನಾನು ಬ್ಯಾಗಿನ ಬಟ್ಟೆಗಳನ್ನು ಮತ್ತೆ ಬೀರುವಿನಲ್ಲಿಟ್ಟೆ, ಹಸಿರು ಸೀರೆಯ ಪಕ್ಕ. ಸಂತೋಷವಾಗಬೇಕಿತ್ತು. ಆಗಲೂ ಏನೂ ಅನಿಸಲಿಲ್ಲ.

ಸಂಜೆ ಬೇಗನೆ ಊಟಕ್ಕೆ ತಟ್ಟೆ ಹಾಕಿದೆವು. ಅಪ್ಪ ದಿವಾನದ ಮೇಲೆ. ನಾನು ಅಭ್ಯಾಸದಂತೆ ಒಲೆಯ ಪಕ್ಕ ಹೋಗಿ ತಟ್ಟೆಯನ್ನು ಕಲ್ಲಿನ ಮೇಲಿಟ್ಟೆ. ಬಾಗಿಲಲ್ಲಿ ಅಜ್ಜಿ ತನ್ನ ಮಣೆಯ ಮೇಲೆ ಕೂತಿರಲಿಲ್ಲ. ಆಗಷ್ಟೇ ಅದರ ಮೇಲಿಂದ ಎದ್ದು ಗೋಡೆ ಹಿಡಿದು ನಿಂತಿದ್ದಳು. ಮಣೆಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು. ಅದು ನೆಲದ ಮೇಲೆ ಕಿರ್ರೆಂದು ಸದ್ದು ಮಾಡುತ್ತ ಬಂದು ನನ್ನ ಪಾದಕ್ಕೆ ತಾಗಿತು.

“ಕೂತ್ಕ.”

“ನಿಂಗೆ ಮಂಡಿ ನೋಯುತ್ತಲ್ಲ ಅಜ್ಜಿ.”

“ಕೂತ್ಕ ಅಂದ್ನಲ್ಲ.”

ಕೂತೆ. ನನ್ನ ತಟ್ಟೆಯನ್ನು ಕಲ್ಲಿನ ಮೇಲಿಂದ ಇಳಿಸಿ ಮುಂದಿಟ್ಟು, ಅಜ್ಜಿ ನಿಂತೇ ಸಾರು ಬಡಿಸಿದಳು. ಮಣೆ ಬೆಚ್ಚಗಿತ್ತು. ಮೊದಲ ತುತ್ತು ಬಾಯಿಗೆ ಹೋಗುವ ಮುಂಚೆ ಅಳು ಬಂತು, ಅಷ್ಟು ತಿಂಗಳಿನದೂ ಒಟ್ಟಿಗೇ, ಮೂಗು ಬಾಯಿ ಎಲ್ಲ ಕಟ್ಟಿಕೊಂಡು. ದಿವಾನದ ಮೇಲೆ ಅಪ್ಪನ ತಟ್ಟೆಯ ಸದ್ದು ನಿಂತಿತು. ನಾಚಿಕೆಯಾಗಿ ನಾನು ಏಳಲು ಹೋದೆ. ಅಜ್ಜಿ ನನ್ನ ನೆತ್ತಿಯ ಮೇಲೆ ಕೈಯಿಟ್ಟು ಒತ್ತಿದಳು.

“ಅಳಾದಿದ್ರೆ ಅಳು,” ಅಂದಳು. “ಕೂತ್ಕಂಡೇ ಅಳು.”